ಕಸಬರಿಗೆ ಕೇಸು

ಈಚಲು ಕಡಿದು ಸುಟ್ಟರೆ ಕೂಲಿ. ಅದೇ ಈಚಲನ್ನು ಕಡಿದು ಮನೆಗೆ ಒಯ್ದರೆ ಕೇಸು. ಈ ಕಾಯಿದೆ ನನಗೆ ಒಂದೇ ದಿನದಲ್ಲಿ ತಿಳಿಯಿತು. ನಮ್ಮ ಯಾಡಿಗೆ ಇವತ್ತಿಗೂ ತಿಳಿದಿಲ್ಲ. ತಿಳಿಯುವುದೂ ಇಲ್ಲ ಬಿಡಿ, ಅವಳ ತಲೆ ಅಂಥದು.

ಯಾಡಿ ಅಂದರೆ ತಾಯಿ. ಲಂಬಾಣಿಗರು ನಾವು ಹಾಗೇ ಕರೆಯುವುದು. ಅವಳ ಹೆಸರು ಶಾಂತಿಬಾಯಿ. ಅವಳು ಮಾತು ಕಲಿಯುವ ಮೊದಲೇ ಆ ಹೆಸರಿಟ್ಟಿರಬೇಕು, ಇಲ್ಲದಿದ್ದರೆ ಯಾರೂ ಇಡುತ್ತಿರಲಿಲ್ಲ. ನಾನು ಅವಳ ಮಗಳು ಕಾಜಲ್. ಪಿಯುಸಿ ಇಂಗ್ಲಿಷಿನಲ್ಲಿ ಒಮ್ಮೆ ಫೇಲಾಗಿ ಮತ್ತೆ ಕಟ್ಟಿ ಪಾಸಾದವಳು. ಅತ್ತಿವೇರಿಯ ಆಚೆ ಗುಡ್ಡದ ಬುಡದಲ್ಲಿ ನಮ್ಮ ತಾಂಡಾ. ಹೊಲ ಇದ್ದವರಿಗೆ ಗೋವಿನಜೋಳ, ಇಲ್ಲದವರಿಗೆ ಕೂಲಿ. ನಮಗೆ ಹೊಲ ಇಲ್ಲ.

ಕೂಲಿ ಯಾವುದು ಅಂದರೆ, ಬೇಸಿಗೆ ಬರುವ ಮೊದಲು ಕಾಡಿನ ರಸ್ತೆಯ ಎರಡೂ ಬದಿ ಕಡಿಯುವುದು, ಒಣಗಿಸುವುದು, ಸುಡುವುದು, ಉದುರಿದ ಎಲೆ ಗುಡಿಸುವುದು. ಬೆಂಕಿ ಬಿದ್ದರೆ ಆ ಗೆರೆ ದಾಟಬಾರದು. ಮೊದಲು ಇದಕ್ಕೆ ಬೆಂಕಿ ಗೆರೆ ಎನ್ನುತ್ತಿದ್ದರು. ಆಮೇಲೆ 'ಬೆಂಕಿ ಹೊರೆ ಇಳಿಸುವ ಯೋಜನೆ' ಎಂದು ದೊಡ್ಡ ಹೆಸರು ಬಂತು. ಕಾಡಿನಲ್ಲಿ ಉರಿಯುವಂಥದ್ದು ಹೆಚ್ಚಾಗಿದೆ, ಅದನ್ನು ಇಳಿಸಬೇಕು ಎಂದು ಅರಣ್ಯ ಇಲಾಖೆಯ ಸಾಹೇಬರು ಭಾಷಣ ಮಾಡಿದರು. ಇಳಿಸುವವರು ಯಾರು ಎಂದು ಯಾರೂ ಕೇಳಲಿಲ್ಲ. ಹೊರೆ ಅಂದಮೇಲೆ ನಾವೇ ತಾನೆ.

ಗುತ್ತಿಗೆ ಹಿಡಿದವನು ಈರೇಶ. ಹಳಿಯಾಳದ ಕಡೆಯವನು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು. ಕಾಡಿಗೆ ಬಿಳಿ ಬೂಟು ಹಾಕಿಕೊಂಡು ಬರುವವನು ಕುಡುಗೋಲು ಮುಟ್ಟುವವನಲ್ಲ ಎಂದು ಹಸುಗೂಸಿಗೂ ಗೊತ್ತಾಗುತ್ತದೆ.

ಮೊದಲನೆಯ ವರ್ಷ ನಾವು ಏನೂ ಬಿಡದೆ ಕಡಿದೆವು. ಕವಳಿ ಕಂಟಿ, ಸೀಗೆ ಬಳ್ಳಿ, ನೆಲ್ಲಿಯ ಸಸಿ, ಮತ್ತಿಯ ಸಸಿ. ಯಾಡಿ ಒಂದು ನೆಲ್ಲಿ ಸಸಿಯ ಮುಂದೆ ಕುಡುಗೋಲು ಎತ್ತದೆ ನಿಂತಳು. "ಏನ್ ನಿಂತೀಬೇ, ಅದೂ ಹೊರೀನ," ಎಂದ ಈರೇಶ. ಕಡಿದಳು. ನೆಲ ಬೋಳಾಯಿತು. ಬೋಳಾದ ನೆಲಕ್ಕೆ ಬಿಸಿಲು ಬಿತ್ತು, ಮೇಲೆ ಮಳೆ ಬಿತ್ತು. ಕವಳಿ ಬರಲಿಲ್ಲ, ನೆಲ್ಲಿ ಬರಲಿಲ್ಲ. ಬಂದದ್ದು ಲಂಟಾನ. ಅದರ ಜೊತೆಗೆ ಬಿಳಿ ಹೂವಿನ ಆ ನಾರುವ ಕಳೆ. ಯಾವುದೋ ಕಾಲದಲ್ಲಿ ಯಾರೋ ದೊರೆಗಳು ಹೂವು ಚೆಂದ ಇದೆ ಎಂದು ಹೊರದೇಶದಿಂದ ತಂದ ಗಿಡವಂತೆ ಲಂಟಾನ. ದೊರೆಗಳು ಹೋದರು, ಅದು ಹೋಗಲಿಲ್ಲ. ದೀಪಾವಳಿಯ ಹೊತ್ತಿಗೆ ನನ್ನ ತಲೆ ಮೀರಿ ನಿಂತಿತ್ತು.

ಸಾಹೇಬರು ಬಂದು ನೋಡಿದರು. ಹೊರೆ ಹೆಚ್ಚಾಗಿದೆ, ಗೆರೆ ಇನ್ನೂ ಅಗಲ ಮಾಡಬೇಕು ಎಂದರು. ಅಗಲ ಮಾಡಿದೆವು. ಆ ಅಗಲದಲ್ಲೂ ಲಂಟಾನವೇ ಬಂತು. ನಾವು ಕಡಿದಷ್ಟು ಅದು ಬೆಳೆಯಿತು, ಅದು ಬೆಳೆದಷ್ಟು ಯೋಜನೆ ಬೆಳೆಯಿತು. ಈರೇಶನ ಮೋಟರ್ ಸೈಕಲ್ಲು ಬೆಳೆದು ಜೀಪಾಯಿತು. ಒಂದು ಮುಂಜಾನೆ ಅವನು ಲಂಟಾನದ ಹೂವು ಕಿತ್ತು ಜೀಪಿನೊಳಗಿನ ಮನೆದೇವರ ಪಟಕ್ಕೆ ಏರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಂಗು ಮರೆಯುವವನಲ್ಲ ಅವನು, ಉಂಡ ಮನೆ ನೆನೆಯುವವನು.

ಲಂಟಾನ ಕಡಿಯುವುದು ಹುಡುಗಾಟವಲ್ಲ. ಅದರ ಮುಳ್ಳು ಕೆಳಮುಖ. ಕೈ ಒಳಗೆ ಸಲೀಸಾಗಿ ಹೋಗುತ್ತದೆ, ಹೊರಗೆ ಬರುವಾಗ ಚರ್ಮ ಬಿಟ್ಟು ಬರಬೇಕು. ಬುಡಕ್ಕೆ ಹೊಡೆದರೆ ಪೊದೆ ಪೂರ್ತಿ ಬೆನ್ನ ಮೇಲೆ ಬೀಳುತ್ತದೆ. ಬೆವರು ಗೀರುಗಳಿಗೆ ಇಳಿದು ಉರಿಯುತ್ತದೆ. ಊಟಕ್ಕೆ ಕುಳಿತರೆ ಖಾರದ ತುತ್ತು ಹಿಡಿಯಲಾಗುವುದಿಲ್ಲ. ಕೈಗವಸು ಕೊಡಿ ಎಂದು ಒಂದು ಸಲ ಕೇಳಿದೆ. "ಮದಿವಿ ಹೆಣ್ಣೇನ ನೀ, ಕೈ ಕೆಡತಾವ ಅನ್ನಾಕ," ಎಂದು ಈರೇಶ ನಕ್ಕ. ಅವನ ಡ್ರೈವರನೂ ನಕ್ಕ. ನನ್ನ ಕೈಯಲ್ಲಿ ಕುಡುಗೋಲಿತ್ತು. ಲಂಟಾನಕ್ಕೆ ಹೊಡೆದೆ.

ಇನ್ನೊಂದು ಮಾತು. ಈರೇಶನ ಬಿಲ್ಲಿನ ಅಳತೆಗೆ ಲಂಟಾನವೂ ಒಂದೇ, ಮೆತ್ತನೆಯ ಗಿಡವೂ ಒಂದೇ. ಬೋಳಾದ ಜಾಗ ಎಷ್ಟು ಎನ್ನುವುದಷ್ಟೇ ಲೆಕ್ಕ. ಈರೇಶ ದಡ್ಡನಲ್ಲ. ಲಂಟಾನವನ್ನು ಅದರ ಪಾಡಿಗೆ ಬಿಟ್ಟು, ಬೇಗ ಕಡಿಯಲಾಗುವ ಕಡೆ ನಮ್ಮನ್ನು ಇಳಿಸತೊಡಗಿದ. ಹಾಗೆ ಕಡಿಯುತ್ತ ಕಡಿಯುತ್ತ ಈಚಲ ದಿನ್ನೆಯ ಬುಡಕ್ಕೆ ಬಂದೆವು.

ಈಚಲ ದಿನ್ನೆ ಇರುವುದು ನಮ್ಮ ತಾಂಡಾದ ಬೆನ್ನಿಗೆ. ಹೆಂಡ ಇಳಿಸುವ ಎತ್ತರದ ಈಚಲಲ್ಲ, ಸೊಂಟದ ಮಟ್ಟದ ಗಿಡ್ಡ ಈಚಲು. ನಮ್ಮ ಅಜ್ಜಿಯ ಕಾಲದಿಂದ ತಾಂಡಾದ ಹೆಂಗಸರು ಅದರ ಗರಿ ಕೊಯ್ದು ಒಣಗಿಸಿ ಕಸಬರಿಗೆ ಕಟ್ಟಿ ಮುಂಡಗೋಡದ ಸಂತೆಗೆ ಒಯ್ಯುತ್ತಾರೆ. ಹೊರಗಿನ ಗರಿ ಕೊಯ್ಯಬೇಕು, ನಡುವಿನ ಸುಳಿ ಮುಟ್ಟಬಾರದು. ಮುಟ್ಟಿದವಳಿಗೆ ಯಾಡಿ ಕೊಡುವ ಬೈಗುಳ ಇಲ್ಲಿ ಬರೆಯಲು ಬರುವುದಿಲ್ಲ. ಮಳೆಗಾಲದಲ್ಲಿ ಕೂಲಿ ಇಲ್ಲದಾಗ ನಮ್ಮ ಒಲೆ ಉರಿಯುವುದು ಆ ದಿನ್ನೆಯಿಂದ.

ಆ ದಿನ ದಿನ್ನೆಯ ಕೆಳ ಅಂಚನ್ನು ಕಡಿಸಿದರು. ಸಂಜೆ ಮುಂದೆ ಕೆಲಸ ಬಿಟ್ಟಾಗ ಯಾಡಿ ರಾಶಿಯಿಂದ ಒಂದು ಹೊರೆ ಕಟ್ಟಿ ತಲೆಗೇರಿಸಿದಳು. ಹೇಗೂ ನಾಳೆ ಸುಡುವುದು. ರಸ್ತೆಯ ಗೇಟಿನಲ್ಲಿ ಗಾರ್ಡ್ ಸಿದ್ದಲಿಂಗ ಕೈ ಅಡ್ಡ ಇಟ್ಟ.

"ಏನಬೇ ತಲಿಮ್ಯಾಲೆ?"

"ಈಚಲ."

"ಎಲ್ಲಿದು?"

"ಮುಂಜಾನಿಂದ ನೀನ ನಿಂತು ಕಡಿಸಿದ್ದು."

"ಕಡೀರಿ ಅಂತ ಹೇಳೇವಿ. ಒಯ್ರಿ ಅಂತ ಹೇಳಿಲ್ಲ."

"ನಾಳಿ ಸುಡತೀರಲ್ಲೋ ತಮ್ಮಾ."

"ಸುಟ್ಟರ ಸರಕಾರದ್ದು ಸರಕಾರಕ್ಕ ಹೋತು. ಒಯ್ದರ ಕಳುವು."

"ಹಂಗಾರ ಬೂದಿ ಒಯ್ಯಬಹುದೇನು?"

ಸಿದ್ದಲಿಂಗ ಒಳ್ಳೆಯವನು, ಪ್ರಶ್ನೆ ಕೇಳಿದರೆ ಯೋಚಿಸುತ್ತಾನೆ. ಯೋಚಿಸಿ, "ಅದನ್ನ ಸಾಹೇಬ್ರನ್ನ ಕೇಳಬೇಕಾಕ್ಕೈತಿ," ಎಂದ. ಕೇಳಲು ನಮ್ಮನ್ನೂ ಕರೆದುಕೊಂಡು ಹೋದ.

ಸಾಹೇಬರ ಹೆಸರು ಕಿರಣಕುಮಾರ. ವಯಸ್ಸು ಹೆಚ್ಚಿಲ್ಲ, ಮೀಸೆ ಹೆಚ್ಚು. ಅವರು ಯಾಡಿಯನ್ನು ನೋಡಲಿಲ್ಲ, ಹೊರೆ ನೋಡಿದರು. ಕಾಡಿನ ಮಾಲು ಕಳವು, ಕೇಸ್ ಹಾಕು, ಕುಡುಗೋಲು ಜಪ್ತಿ ಮಾಡು, ಹೊರೆ ಸಮೇತ ಫೋಟೋ ತೆಗೆ ಎಂದರು. ಸಿದ್ದಲಿಂಗನ ಫೋನಿನ ಚಾರ್ಜು ಮುಗಿದಿತ್ತು. ಒಳಗೆ ಚಾರ್ಜಿಗೆ ಹಾಕಿದರು. ಅದು ಆಗುವತನಕ ಚಹಾ ತರಿಸಿ ಕುಡಿದರು. ಅಷ್ಟೂ ಹೊತ್ತು ನನ್ನ ತಾಯಿ ಅಂಗಳದ ಇಳಿಬಿಸಿಲಿಗೆ ಮುಖ ಮಾಡಿ ತಲೆಯ ಮೇಲೆ ಹೊರೆ ಹೊತ್ತು ನಿಂತಿದ್ದಳು. ಇಳಿಸಬೇಡ ಎಂದಿದ್ದರು. ಇಳಿಸಿದರೆ ಮತ್ತೆ ಏರಿಸಬೇಕು, ಫೋಟೋ ತಡವಾಗುತ್ತದೆ. ಮುಂಜಾನೆಯಿಂದ ಬಗ್ಗಿ ಕಡಿದ ಬೆನ್ನು ಅದು. ಕುತ್ತಿಗೆಯ ನರ ನಡುಗುತ್ತಿತ್ತು. ನಾನು ಹೊರೆಗೆ ಕೈ ಕೊಡಲು ಹೋದೆ. "ಏ ಹುಡುಗಿ, ಸಾಕ್ಷಿ ಮುಟ್ಟಬ್ಯಾಡ," ಎಂದರು ಸಾಹೇಬರು. ನನಗೆ ಆ ಹೊತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನಗುನಗುತ್ತ ಹೇಳುತ್ತಿದ್ದೇನೆ ನಿಜ. ಆದರೆ ಇಳಿದಿಲ್ಲ.

ಫೋಟೋ ಮರುದಿನವೇ ಎಲ್ಲರ ಫೋನಿಗೂ ಬಂತು. 'ಕಾಡುಗಳ್ಳಿ ಬಲೆಗೆ' ಎಂದು ಕೆಳಗೆ ಬರೆದಿದ್ದರು. ಯಾಡಿಗೆ ತೋರಿಸಿದೆ. ಹತ್ತಿರ ಹಿಡಿದು ನೋಡಿದಳು.

"ಒಂದ ಕಣ್ಣ ಮುಚ್ಚೇತಲ್ಲ. ಇನ್ನೊಮ್ಮಿ ತಗೀ ಅಂತ ಹೇಳಬೇಕಿತ್ತು," ಅಂದಳು.

ಆಮೇಲೆ ಮಾತಾಡಲಿಲ್ಲ. ಊಟ ಮಾಡಲಿಲ್ಲ. ಎರಡು ದಿನ ತಾಂಡಾದಲ್ಲಿ ಯಾರಿಗೂ ಬೈಗುಳ ಬೀಳಲಿಲ್ಲ. ಜನ ಹೆದರಿದರು. ನಮ್ಮ ನಾಯಕ ಹೀರಪ್ಪ ಕಾಕಾ ಬಂದು, "ಶಾಂತೀ, ಆರಾಮ ಅದೀ ಇಲ್ಲ? ಬೇಕಾದ್ರ ನನಗ ನಾಕ ಬೈ," ಎಂದು ಕೇಳಿಕೊಂಡ. ಬೈಯಲಿಲ್ಲ. ಅವಳಿಗೆ ನಾಚಿಕೆಯಾಗಿತ್ತು. ಕದಿಯದವಳಿಗೆ ಕಳ್ಳಿ ಅಂದರೆ ಸಿಟ್ಟಿಗಿಂತ ಮೊದಲು ಬರುವುದು ನಾಚಿಕೆ. ಅದೇ ನನಗೆ ಸಹಿಸಲಾಗದ್ದು.

ಶಿವರಾತ್ರಿ ಕಳೆದ ಮೇಲೆ ಎಲೆ ಉದುರತೊಡಗಿತು. ಗೆರೆಯ ಮೇಲೆ ಬಿದ್ದ ಎಲೆಯನ್ನು ಮೇಲಿಂದ ಮೇಲೆ ಗುಡಿಸುತ್ತಿರಬೇಕು. ಪ್ರತಿ ವರ್ಷ ನಾವು ನಮ್ಮ ನಮ್ಮ ಕಸಬರಿಗೆ ಒಯ್ಯುತ್ತಿದ್ದೆವು. ಈ ಸಲ ಹೆಂಗಸರೆಲ್ಲ ಕೈ ಬೀಸಿಕೊಂಡು ಹೋಗಿ ಸಾಲಾಗಿ ನಿಂತೆವು.

"ಕಸಬರಿಗಿ ಎಲ್ಲಿ?" ಎಂದ ಈರೇಶ.

ಯಾಡಿಯ ಬಾಯಿ ಅವತ್ತು ತೆರೆಯಿತು. "ಈಚಲದ್ದಲ್ಲನೋ ಅಣ್ಣಾ ಕಸಬರಿಗಿ? ಕಳುವಿನ ಮಾಲು. ಮನ್ಯಾಗ ಇಟಗೊಂಡ್ರ ಹಿಡೀತಾರ. ಎಲ್ಲಾ ಒಲಿಗೆ ಹಾಕಿ ಸರಕಾರದ್ದು ಸರಕಾರಕ್ಕ ಮುಟ್ಟಿಸೇವಿ."

"ಹಂಗಾರ ಹೆಂಗ ಗುಡಸತೀರಿ?"

"ಸಾಹೇಬ್ರನ್ನ ಕೇಳಬೇಕಾಕ್ಕೈತಿ," ಎಂದಳು ಯಾಡಿ. ಹಿಂದೆ ಯಾರೋ ಕಿಸಕ್ಕೆಂದರು.

ಈರೇಶ ಹುಬ್ಬಳ್ಳಿಯಿಂದ ಕಸಬರಿಗೆ ತರಿಸಿದ. ಅರ್ಧ, ಟೈಲ್ಸ್ ನೆಲ ಗುಡಿಸುವ ಹೂವಿನಂಥ ಕಸಬರಿಗೆ. ಸಾಗವಾನಿ ಎಲೆಯ ಮೇಲೆ ಅದನ್ನು ಆಡಿಸಿದರೆ ಎಲೆಗೆ ಗಾಳಿ ಹಾಕಿದಂತಾಗುತ್ತಿತ್ತು, ಎಲೆ ಆರಾಮಾಗಿ ಮಲಗಿರುತ್ತಿತ್ತು. ಉಳಿದ ಅರ್ಧ ಪ್ಲಾಸ್ಟಿಕ್ಕು. ಗುಲಾಬಿ ಬಣ್ಣದ್ದೂ ಹಸಿರು ಬಣ್ಣದ್ದೂ ಇದ್ದವು. ಬೆಳಿಗ್ಗೆ ಸುಟ್ಟ ಜಾಗದಲ್ಲಿ ಬೂದಿಯ ಕೆಳಗೆ ಕೆಂಡ ಇನ್ನೂ ಇತ್ತು. ಗುಡಿಸಿದ ಹಾಗೇ ಕಡ್ಡಿಗಳು ಕರಗಿ ನೆಲಕ್ಕೆ ಅಂಟಿದವು. ಒಂದು ಕಸಬರಿಗೆ ಹತ್ತಿಕೊಂಡೇ ಬಿಟ್ಟಿತು. ಅದನ್ನು ಹಿಡಿದಿದ್ದವಳು ಪಕ್ಕದ ಊರಿಂದ ನಮ್ಮ ಜೊತೆ ಕೂಲಿಗೆ ಬರುವ ಸತ್ತೆವ್ವ. ಗಾಬರಿಯಾಗಿ ಪಂಜು ಹಿಡಿದವಳಂತೆ ಅದನ್ನು ಎತ್ತಿ ಹಿಡಿದು ಗೆರೆಯುದ್ದಕ್ಕೂ ಓಡಿದಳು. ಬೆಂಕಿ ತಡೆಯಲು ಬಂದ ನಾವೇ ಕಾಡಿಗೆ ಬೆಂಕಿ ಹಚ್ಚುವುದು ಕೂದಲೆಳೆಯಲ್ಲಿ ತಪ್ಪಿತು. ಈರೇಶ ಬಿಳಿ ಬೂಟಿನಲ್ಲಿ ಅದನ್ನು ತುಳಿದು ಆರಿಸಿದ. ಗುಲಾಬಿ ಬಣ್ಣ ಬೂಟಿಗೆ ಹಿಡಿದುಕೊಂಡಿತು, ಹೋಗಲಿಲ್ಲ.

ಅದಾದ ಮೇಲೆ ಒಂದು ದಿನ ಹೀರಪ್ಪ ಕಾಕಾ ಸುದ್ದಿ ತಂದ. ಹೋಳಿ ಹುಣ್ಣಿಮೆಯ ದಿನ ಬೆಂಗಳೂರಿನಿಂದ ದೊಡ್ಡ ಮೇಡಂ ಬರುತ್ತಾರೆ. ಅವರ ಎದುರಿಗೆ ಈಚಲ ದಿನ್ನೆಯನ್ನು ಜೆಸಿಬಿಯಿಂದ ಬುಡಸಹಿತ ಕೆರೆದು ತೋರಿಸುತ್ತಾರೆ. ತಾಂಡಾದ ಹೆಂಗಸರು ಕನ್ನಡಿ ಕೂಡಿಸಿದ ಕುಪ್ಪಸ, ಲಂಗ ಹಾಕಿಕೊಂಡು ಪಕ್ಕಕ್ಕೆ ನಿಲ್ಲಬೇಕು. ಫೋಟೋಕ್ಕೆ ಚೆಂದ ಕಾಣುತ್ತದಂತೆ.

ಗರಿ ಕಡಿದರೆ ಮತ್ತೆ ಬರುತ್ತದೆ. ಬುಡ ಕಿತ್ತರೆ ಮುಗಿಯಿತು. ಈ ಮಳೆಗಾಲಕ್ಕೆ ಒಲೆ ಇಲ್ಲ, ಮುಂದಿನ ಮಳೆಗಾಲಕ್ಕೂ ಇಲ್ಲ. ಯಾಡಿ ಸೆರಗು ಸಿಕ್ಕಿಸಿಕೊಂಡು ಸಾಹೇಬರ ಕಚೇರಿಗೆ ಹೊರಟಳು. ನಾನೂ ಹಿಂದೆ ಹೋದೆ.

"ಸಾಹೇಬ್ರ, ದಿನ್ನಿಮ್ಯಾಲಿನ ಈಚಲ ಬಿಡ್ರಿ. ಕೆಳಗಿನ ಲಂಟಾನ ತೋರಸ್ರಿ, ಬರಿಗೈಲೆ ಕಿತ್ತ ಒಗೀತೇವಿ."

"ಈಚಲದ ಒಣಗರಿ ಲಗೂನ ಹತ್ತತಾವಬೇ," ಎಂದರು ಸಾಹೇಬರು.

"ಹತ್ತತಾವ, ಯಾರ ಇಲ್ಲ ಅಂದ್ರು? ಉರದು ನಡಮಟ ಬಂದು ಆರತಾವ. ಮಳಿ ಬಿತ್ತಂದ್ರ ಮತ್ತ ಚಿಗೀತಾವ. ಲಂಟಾನಕ್ಕ ಹತ್ತಿದ್ದು ಮರದ ತುದಿಮಟ ಏರತೈತಿ. ಈಚಲ ಕಿತ್ರ ಅಲ್ಲಿ ಬರೂದೂ ಅದ ಲಂಟಾನನ."

ಸಾಹೇಬರು ಬೆರಗಾಗುತ್ತಾರೆ, ಈ ಹೆಂಗಸಿಗೆ ಇಷ್ಟು ತಿಳಿದಿದೆಯಲ್ಲ ಎಂದು ತಲೆ ತಗ್ಗಿಸುತ್ತಾರೆ ಎಂದು ನಾನು ಕಾದೆ. ಸಾಲೆಯ ಪಾಠಗಳಲ್ಲಿ ಹಾಗೇ ಆಗುತ್ತಿತ್ತು. ಸಾಹೇಬರು ಪೆನ್ನಿನಿಂದ ಕಿವಿ ಕೆರೆದುಕೊಂಡರು.

"ಗೊತ್ತೈತಿ ಶಾಂತಿಬಾಯಿ. ಅದನ್ನ ಓದೇ ಪಾಸಾಗೇನಿ. ಲಂಟಾನ ಇರೂದು ತಗ್ಗಿನ್ಯಾಗ, ಅಲ್ಲಿ ಜೆಸಿಬಿ ಇಳಿಯೂದಿಲ್ಲ. ದಿನ್ನಿಮ್ಯಾಲೆ ಇಳೀತೈತಿ. ಮಾರ್ಚ್ ಮುಗಿಯೂದ್ರಾಗ ಅಳತಿ ತುಂಬಬೇಕು. ನಾ ಏನ್ ಮಾಡ್ಲಿ?"

ನಾವು ವಾಪಸ್ ಬಂದೆವು. ತಿಳಿಯದವನಿಗೆ ತಿಳಿಸಬಹುದು. ತಿಳಿದವನಿಗೆ ಏನು ಮಾಡುವುದು? ಯಾಡಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ತಾಂಡಾದ ಬೇವಿನಮರ ಕಾಣುವಾಗ ಉತ್ತರ ಹೇಳಿದಳು.

"ಹೊಡೀಬೇಕು."

"ಯಾಡೀ, ಇರೋ ಒಂದ ಕೇಸ್ ಸಾಲ್ದೇನು?"

"ಹೋಳಿ ದಿನ ಹೊಡದ್ರ ಯಾವ ಕೇಸು?" ಎಂದಳು.

ಇದನ್ನು ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ. ಹೋಳಿಯಲ್ಲಿ ನಮ್ಮದೊಂದು ಆಟವಿದೆ. ಆ ವರ್ಷ ಗಂಡು ಕೂಸು ಹುಟ್ಟಿದ ಮನೆಯ ಮುಂದೆ ನೆಲಕ್ಕೆ ಗೂಟ ಬಡಿದು, ಅದಕ್ಕೆ ಸಿಹಿ ತುಂಬಿದ ಪಾತ್ರೆಯನ್ನು ಹಗ್ಗದಲ್ಲಿ ಕಟ್ಟುತ್ತಾರೆ. ಹೆಂಗಸರು ಕೋಲು ಹಿಡಿದು ಸುತ್ತ ಕಾವಲು ನಿಲ್ಲುತ್ತಾರೆ. ಗಂಡಸರು ಬಂದು ಗೂಟ ಕಿತ್ತು ಪಾತ್ರೆ ಒಯ್ಯಬೇಕು. ಬಂದವರಿಗೆ ಏಟು. ಗಂಡನಿರಲಿ, ಮಾವನಿರಲಿ, ನಾಯಕನಿರಲಿ, ಎಲ್ಲರಿಗೂ ಏಟು. ಬೈಗುಳದ ಹಾಡೂ ಉಂಟು. ಆ ದಿನದ ಏಟಿಗೂ ಬೈಗುಳಕ್ಕೂ ಯಾರೂ ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ವರ್ಷವಿಡೀ ಅವನಿಗೆ ತಾಂಡಾದಲ್ಲಿ ಮರ್ಯಾದೆ ಇಲ್ಲ.

ಈ ವರ್ಷ ಕೂಸು ಹುಟ್ಟಿದ್ದು ಕುಬೇರನ ಮನೆಯಲ್ಲಿ. ಗೂಟವನ್ನು ಈಚಲ ದಿನ್ನೆಯ ನಡುವೆ ಬಡಿಯೋಣ ಎಂದಳು ಯಾಡಿ. ಹೀರಪ್ಪ ಕಾಕಾ ತಲೆ ಹಿಡಿದುಕೊಂಡ. "ಕೂಸಿನ ಮನಿ ಮುಂದ ಬಡಿಯೂದು ಪದ್ಧತಿ. ಗುಡ್ಡದಾಗ ಯಾರ ಮನಿ ಐತಿ?"

"ಕೂಸ ಎಲ್ಲೈತೋ ಅದ ಮನಿ. ತೊಟ್ಲಾ ಅಲ್ಲಿಗೆ ಒಯ್ಯೂಣು."

"ಸಾಹೇಬ್ರು ಸಿಟ್ಟಾದ್ರ?"

"ಆದ್ರ ವರ್ಷಪೂರ್ತಿ ಮರ್ಯಾದಿ ಇಲ್ಲ ಅಂತ ನೀನ ಹೋಗಿ ಹೇಳು, ನೀ ನಾಯಕ ಅಲ್ಲೇನು?"

ಹೀರಪ್ಪ ಕಾಕಾ ಯಾರಿಗೂ ಇಲ್ಲ ಎನ್ನದ ಮನುಷ್ಯ. ಸಾಹೇಬರಿಗೂ ಹೂಂ ಎಂದಿದ್ದ, ಯಾಡಿಗೂ ಹೂಂ ಎಂದ.

ಹೋಳಿಯ ಮುಂಜಾನೆ ಕಾಮನ ಬೆಂಕಿಗೆ ಈ ಸಲ ಬರೀ ಲಂಟಾನವನ್ನೇ ಎಳೆದು ತಂದು ಒಟ್ಟಿದೆವು. ಕೂಲಿ ಇಲ್ಲದೆ ಸರಕಾರದ ಹೊರೆ ಇಳಿಸಿದ್ದಕ್ಕೆ ಒಬ್ಬರೂ ನಮಗೆ ಶಾಲು ಹೊದಿಸಲಿಲ್ಲ. ಬಿಸಿಲೇರುವ ಮೊದಲು ಕನ್ನಡಿಯ ಕುಪ್ಪಸ, ಲಂಗ ಹಾಕಿಕೊಂಡು ದಿನ್ನೆ ಹತ್ತಿದೆವು. ಹಾಕಿಕೊಂಡು ಬನ್ನಿ ಎಂದು ಸಾಹೇಬರೇ ಹೇಳಿದ್ದರಲ್ಲ. ನಡುವೆ ಗೂಟ ಬಡಿದು, ಗೋಧಿನುಚ್ಚಿನ ಸಿಹಿ ಲಾಪ್ಸಿ ತುಂಬಿದ ಹಿತ್ತಾಳೆ ಪಾತ್ರೆ ಬಿಗಿದೆವು. ಕುಬೇರನ ಕೂಸು ಮರದ ಕೆಳಗೆ ತೊಟ್ಟಿಲಲ್ಲಿ ಮಲಗಿತ್ತು, ಪಕ್ಕದಲ್ಲಿ ಯಾಡಿ ಆ ಮುಂಜಾನೆ ಕೊಯ್ದು ಕಟ್ಟಿದ ಹಸಿ ಈಚಲಿನ ಹೊರೆ ಇತ್ತು. ಕೋಲು ಹಿಡಿಯಬೇಕಿದ್ದ ಕೈಗಳಿಗೆ ಯಾಡಿ ಕಸಬರಿಗೆ ಕೊಟ್ಟಳು. ಒಲೆಗೆ ಹಾಕಿದ್ದೇವೆ ಎಂದದ್ದು ಸುಳ್ಳು. ಗುಡಿಸಿ ಗುಡಿಸಿ ಮೋಟಾದ ಹಳೆಯ ಕಸಬರಿಗೆಗಳನ್ನೇ ಆರಿಸಿ ತಂದಿದ್ದಳು. ಮೋಟು ಕಸಬರಿಗೆಯ ಏಟಿಗಿಂತ ದೊಡ್ಡ ಮರ್ಯಾದೆ ಇಲ್ಲ ಎಂದು ನಿಮಗೂ ಗೊತ್ತು.

ಜೆಸಿಬಿ ಬಂತು. ಹಿಂದೆ ಈರೇಶನ ಜೀಪು, ಸಾಹೇಬರ ಜೀಪು, ಮೇಡಂ ಕಾರು. ನಮ್ಮ ಗಂಡಸರು ಆಗಲೇ ಹಲಗೆ ಬಾರಿಸುತ್ತ ಕೆಳಗೆ ನಿಂತಿದ್ದರು. ಮೇಡಂ ಇಳಿದು ಕಪ್ಪು ಕನ್ನಡಕ ತೆಗೆದರು.

"ಇವರೆಲ್ಲ ಯಾಕೆ ಅಲ್ಲಿ ನಿಂತಿದ್ದಾರೆ ಕಿರಣ್?"

ಸಾಹೇಬರು ಹೀರಪ್ಪ ಕಾಕಾನನ್ನು ನೋಡಿದರು. ಕಾಕಾ ಕೈ ಮುಗಿದ. "ಪದ್ಧತಿರೀ ಮೇಡಂ. ಹೋಳಿ ಆಟರೀ."

"ಓ, ಜಾನಪದನಾ? ಎಷ್ಟು ಚೆನ್ನಾಗಿದೆ. ಇದು ಮೊದಲು ಆಗಲಿ, ಆಮೇಲೆ ಕೆಲಸ ತೋರಿಸಿ." ಮೇಡಂ ಫೋನು ತೆಗೆದು ವಿಡಿಯೋ ಶುರು ಮಾಡಿದರು.

ಯಾಡಿ ಮೇಲಿನಿಂದ ಕೂಗಿ ನಿಯಮ ಹೇಳಿದಳು. "ಗೂಟ ಕಿತ್ತವರಿಗೆ ದಿನ್ನಿ. ಕೀಳಾಕ ಆಗಲಿಲ್ಲಂದ್ರ ದಿನ್ನಿ ನಮ್ಮದು. ಮಾತಂದ್ರ ಮಾತು."

ಇಂಥ ನಿಯಮ ನಮ್ಮಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಗೂಟ ಕಿತ್ತವರಿಗೆ ಸಿಗುವುದು ಲಾಪ್ಸಿ ಮಾತ್ರ. "ಹೌದಾ?" ಎಂದು ಮೇಡಂ ಹೀರಪ್ಪ ಕಾಕಾನನ್ನು ಕೇಳಿದರು. ಕಾಕಾ ಸಾಹೇಬರ ಮುಖ ನೋಡಿದ, ದಿನ್ನೆಯ ಮೇಲಿನ ಹೆಂಗಸರ ಮುಖ ನೋಡಿದ.

"ಹೌದ್ರಿ ಮೇಡಂ," ಎಂದ. "ಅಜ್ಜ ಮುತ್ತಜ್ಜನ ಕಾಲದಿಂದ ಬಂದದ್ದು."

ಅವನು ಜನ್ಮದಲ್ಲಿ ಒಬ್ಬರಿಗೆ ಮಾತ್ರ ಹೂಂ ಎಂದದ್ದು ಅದೇ ಮೊದಲು. ಅವನಿಗೇ ಆಶ್ಚರ್ಯವಾದಂತಿತ್ತು.

ಈರೇಶ ನಕ್ಕ. ಹೆಂಗಸರ ಆಟ ತಾನೆ ಎಂದು ತೋಳು ಮಡಚಿ ದಿನ್ನೆ ಹತ್ತಿದ. ಮೊದಲ ಏಟು ಸತ್ತೆವ್ವನದು. ಅವಳು ನಮ್ಮ ತಾಂಡಾದವಳಲ್ಲ, ಹೋಳಿಯ ನಿಯಮ ಅವಳಿಗೆ ಪೂರ್ತಿ ಗೊತ್ತಿರಲಿಲ್ಲ, ಹೊಡೆಯಬಹುದು ಎನ್ನುವುದಷ್ಟೇ ತಿಳಿದಿತ್ತು. ಆಮೇಲೆ ಎಲ್ಲರದೂ ಬಿತ್ತು. ನಾನು ಕೈಗವಸಿನ ಲೆಕ್ಕದಲ್ಲಿ ಎರಡೂ ಕೈಯಿಂದ ಕೊಟ್ಟೆ. ಅವನು ಹಿಂದೆ ಸರಿಯುತ್ತ ಈಚಲಿನ ಬುಡದ ಮೇಲೆ ಕುಳಿತುಬಿಟ್ಟ. ಈಚಲಿನ ಬುಡದಲ್ಲಿ ಮುಳ್ಳಿರುತ್ತದೆ. ಆಮೇಲೆ ಅವನು ಆ ದಿನ ಎಲ್ಲಿಯೂ ಕೂರಲಿಲ್ಲ.

"ಜ್ಯೋತಿಬಾ, ಗಾಡಿ ಏರಸೋ," ಎಂದು ಜೆಸಿಬಿಯವನಿಗೆ ಕೂಗಿದ.

ಜ್ಯೋತಿಬಾ ಯಂತ್ರ ಆರಿಸಿ ಕಾಲ ಮೇಲೆ ಕಾಲು ಹಾಕಿದ. "ಹೋಳಿ ದಿನ ಹೆಣ್ಣಮಕ್ಕಳ ಮ್ಯಾಲೆ ಗಾಡಿ ಏರಿಸಿದ್ರ ನಮ್ಮವ್ವ ನನ್ನ ಮನೀಗೆ ಸೇರಸೂದಿಲ್ಲ ಮಾಲಕ. ಆಟ ಆಡ್ರಿ."

ಸಿದ್ದಲಿಂಗ ಬಂದ. ನಾಲ್ಕು ಏಟು ತಿಂದು, ತಿಂದದ್ದು ಸರಿಯಾಗಿದೆ ಎಂಬಂತೆ ತಲೆ ಆಡಿಸಿ ಇಳಿದು ಹೋದ. ಮೇಡಂ ಚಪ್ಪಾಳೆ ತಟ್ಟಿದರು. "ಕಿರಣ್, ನೀವೂ ಹೋಗಿ. ಸ್ಪೋರ್ಟಿವ್ ಆಗಿರಿ."

ಮೇಲಿನವರ ಮಾತು. ಸಾಹೇಬರು ಟೋಪಿ ತೆಗೆದಿಟ್ಟು ಬಂದರು. ಹೆಂಗಸರು ಹಾಡು ಎತ್ತಿದರು.

ಮೀಸಿ ಹೊತ್ತ ಸಾಹೇಬ ಬಂದ, ಮೀಸಿಗೆ ಎಣ್ಣಿ ಯಾರದ
ಕಡೀರೆಂದ, ಸುಡ್ರೆಂದ, ಒಯ್ದವಳ ಕಳ್ಳೆಂದ
ಅಳತಿ ಕೋಲು ನುಂಗಿದ ಸಾಹೇಬ ಬಗ್ಗಾಕ ಬಾರದ

ಏಟು ಬೀಳುತ್ತಿದ್ದರೂ ಸಾಹೇಬರು ಗಟ್ಟಿಗರು, ಗೂಟದವರೆಗೆ ಬಂದೇ ಬಿಟ್ಟರು. ಎರಡೂ ಕೈಯಿಂದ ಗೂಟ ಹಿಡಿದು ಅಲ್ಲಾಡಿಸಿದರು. ಗೂಟ ಸಡಿಲವಾಯಿತು. ನನ್ನ ಹಾಡು ನಿಂತಿತು. ಯಾಡಿ ಹೊಡೆಯಲಿಲ್ಲ. ಕಸಬರಿಗೆ ಕೆಳಗಿಟ್ಟು, ತೊಟ್ಟಿಲ ಪಕ್ಕದಲ್ಲಿದ್ದ ಈಚಲಿನ ಹೊರೆ ಎತ್ತಿ ತಂದು ಸಾಹೇಬರ ತಲೆಯ ಮೇಲೆ ಇಟ್ಟಳು. ಬೀಳುತ್ತದೆಂದು ಸಾಹೇಬರು ಗೂಟ ಬಿಟ್ಟು ಎರಡೂ ಕೈಯಿಂದ ಹೊರೆ ಹಿಡಿದರು.

"ಇಳಸಬ್ಯಾಡ್ರಿ ಸಾಹೇಬ್ರ," ಎಂದಳು ಯಾಡಿ. "ಫೋಟೋ ತಗೀಬೇಕು. ನನ್ನ ಮಗಳ ಫೋನಿಗೆ ಚಾರ್ಜ್ ಇಲ್ಲ. ಆಗೂತನಕ ಹಂಗ ನಿಂದರ್ರಿ."

ಕೆಳಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಡಂ ನಗುತ್ತ ನಗುತ್ತ ವಿಡಿಯೋ ಮಾಡಿದರು. ಇದೂ ಪದ್ಧತಿ ಎಂದುಕೊಂಡರು. ನಗದವರು ಇಬ್ಬರೇ. ಹೊರೆ ಹೊತ್ತವರು, ಹೊರಿಸಿದವಳು. ಬಿಸಿಲು ನೆತ್ತಿಗೆ ಬಂದಿತ್ತು. ಹಸಿ ಈಚಲಿನ ಭಾರ ಎಷ್ಟೆಂದು ಹೊತ್ತವರಿಗೇ ಗೊತ್ತು. ಸಾಹೇಬರ ಕುತ್ತಿಗೆಯ ನರ ಎದ್ದಿತು, ನಡುಗತೊಡಗಿತು. ಬೆವರು ಮೀಸೆಗೆ ಇಳಿಯಿತು. ಯಾಡಿ ಅವರ ಎದುರಿಗೆ ಸೊಂಟದ ಮೇಲೆ ಕೈ ಇಟ್ಟು ನಿಂತು ಆ ನರವನ್ನೇ ನೋಡುತ್ತಿದ್ದಳು. ಮೇಡಂ ಎದುರಿಗೆ ಹೊರೆ ಒಗೆಯುವಂತಿಲ್ಲ, ಹೋಳಿಯ ದಿನ ಸಿಟ್ಟಾಗುವಂತಿಲ್ಲ. ನನ್ನ ಫೋನಿಗೆ ಚಾರ್ಜು ಬೇಕಾದಷ್ಟಿತ್ತು. ನಾನು ಅದನ್ನು ಸೊಂಟದಲ್ಲೇ ಇಟ್ಟುಕೊಂಡಿದ್ದೆ.

ಬಹಳ ಹೊತ್ತಾದ ಮೇಲೆ ಸಾಹೇಬರು ಯಾಡಿಗೆ ಮಾತ್ರ ಕೇಳುವಂತೆ, "ಇಳಸ್ಲೇನಬೇ?" ಎಂದರು.

"ಗೂಟ?"

"ಇರ್ಲಿ."

ಯಾಡಿ ಹೊರೆಗೆ ಕೈ ಕೊಟ್ಟು ಇಳಿಸಿದಳು. ನಾನು ಫೋಟೋ ತೆಗೆಯಲೇ ಇಲ್ಲ. ಅವರ ಮುಖ ನೋಡಿದ ಮೇಲೆ ಬೇಡವೆನ್ನಿಸಿತು. ನಮ್ಮ ಫೋಟೋ ತೆಗೆಯುವಾಗ ಅವರಿಗೆ ಬೇಡವೆನ್ನಿಸಿರಲಿಲ್ಲ ಎನ್ನುವುದನ್ನು ಮಾತ್ರ ಮರೆತಿಲ್ಲ.

ದಿನ್ನೆ ಉಳಿಯಿತು. ಈಚಲು ಎಂದು ಉಳಿಸಲಿಲ್ಲ, ನಮ್ಮ ಒಲೆ ಎಂದೂ ಉಳಿಸಲಿಲ್ಲ. 'ಸಾಂಪ್ರದಾಯಿಕ ಹೋಳಿ ಆಟದ ಸ್ಥಳ' ಎಂದು ಮೇಡಂ ಬೋರ್ಡ್ ಹಾಕಿಸಿದರು. ಗಿಡ ಅಂದೆವು, ಕೇಳಲಿಲ್ಲ. ಹೊಟ್ಟೆ ಅಂದೆವು, ಕೇಳಲಿಲ್ಲ. ಕುಣಿದೆವು, ಕೇಳಿತು. ನಗಬೇಕೋ ಅಳಬೇಕೋ ತಿಳಿಯದೆ ಲಾಪ್ಸಿ ತಿಂದೆವು. ಅಳತೆ ತುಂಬಿಸಲು ಈರೇಶ ತಗ್ಗಿನ ಲಂಟಾನಕ್ಕೆ ನಮ್ಮನ್ನು ಇಳಿಸಬೇಕಾಯಿತು. ಕೈಗವಸು ಕೊಟ್ಟ ಹೊರತು ಇಳಿಯುವುದಿಲ್ಲ ಎಂದು ದಂಡೆಯ ಮೇಲೆ ಕುಳಿತೆವು. ಅವನು ನಿಂತೇ ಯೋಚಿಸಿದ. ಮಧ್ಯಾಹ್ನದ ಹೊತ್ತಿಗೆ ಕೈಗವಸು ಬಂದವು.

ಕೇಸು ಇನ್ನೂ ನಡೆದಿದೆ. ಅದು ಹಿಂದಕ್ಕೆ ತೆಗೆಯಲು ಬರುವುದಿಲ್ಲವಂತೆ. ಯಾಡಿ ತಾರೀಖಿಗೆ ಕೋರ್ಟಿಗೆ ಹೋಗುವಾಗ ತಲೆಯ ಮೇಲೆ ಕಸಬರಿಗೆ ಹೊತ್ತುಕೊಂಡೇ ಹೋಗುತ್ತಾಳೆ. ಕರೆಯುವತನಕ ಹೊರಗೆ ಕುಳಿತು ಮಾರುತ್ತಾಳೆ. ವಕೀಲರೂ ಕೊಳ್ಳುತ್ತಾರೆ.

ಮೊನ್ನೆ ಮಳೆ ಹಿಡಿದ ಮೇಲೆ ದಿನ್ನೆಯಿಂದ ಹಸಿ ಗರಿಯ ಹೊರೆ ಹೊತ್ತು ಬರುತ್ತಿದ್ದೆವು. ಗೇಟಿನಲ್ಲಿ ಸಿದ್ದಲಿಂಗ ಕುಳಿತಿದ್ದ. ಬೇರೆ ಹೆಂಗಸರು ಹೆಜ್ಜೆ ಜೋರು ಮಾಡಿದರು. ಯಾಡಿ ಬೇಕಂತಲೇ ಅವನ ಎದುರಿಗೆ ನಿಂತಳು. ಹೊರೆ ಸರಿಮಾಡಿಕೊಂಡು, ಎರಡೂ ಕಣ್ಣು ಅಗಲ ತೆರೆದು ನಿಂತಳು.

"ಫೋಟೋ ತಗಿಯೂದಿಲ್ಲೇನೋ ತಮ್ಮಾ?"

ಸಿದ್ದಲಿಂಗನ ಕೈಯಲ್ಲಿ ಫೋನು ಜೋರಾಗಿ ಹಾಡುತ್ತಿತ್ತು. ಅವನು ರಸ್ತೆಯ ಆಚೆಯ ಲಂಟಾನದ ಕಡೆ ನೋಡಿದ.

"ಚಾರ್ಜ್ ಇಲ್ಲಬೇ," ಎಂದ.